ನಾನೂರ ಹದಿನೇಳರ ಪೆಟ್ಟಿಗೆ

ಉಸ್ತಾದ್ ಶಹಾತಾ ಅವರ ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಡೆದದ್ದು ಒಂದೇ ಒಂದು ಸಾಮಾನು, ಒಂದು ಸೂಕ್ಷ್ಮದರ್ಶಕದ ಲೆನ್ಸು. ಅದೂ ಒಡೆದದ್ದು ಯಾರೋ ಅದನ್ನು ಬಳಸಿದ್ದರಿಂದ. ಒಡೆಯಲು ಒಂದು ಕ್ಷಣ ಸಾಕಾಯಿತು, ವಿಚಾರಣೆಗೆ ಮೂರು ವರ್ಷ ಬೇಕಾಯಿತು. ಆ ಮೂರು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಶಹಾತಾ ಕಲಿತ ಪಾಠ ಸರಳವಾಗಿತ್ತು: ಬಳಸದ ಸಾಮಾನು ಒಡೆಯುವುದಿಲ್ಲ.

ಕಡಲತಡಿಯ ದುಮ್ಯಾತ್ ಊರಿನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಯ ಉಗ್ರಾಣ ಅವರ ಸುಪರ್ದಿಯಲ್ಲಿತ್ತು. ಸರ್ಕಾರದ ಸಾಮಾನು ಸರ್ಕಾರದ್ದೇ, ಆದರೆ ಬರೆದಿರುವುದು ಒಬ್ಬ ಮನುಷ್ಯನ ಹೆಸರಿನ ಮುಂದೆ. ಕೆಟ್ಟರೆ, ಕಳೆದರೆ ಉತ್ತರ ಹೇಳಬೇಕಾದವನು ಅವನು. ನಿವೃತ್ತಿಯ ದಿನ ಸಮಿತಿ ಬಂದು ಪ್ರತಿಯೊಂದು ಸಾಮಾನನ್ನೂ ನೋಡಿ, ಬಾಕಿಯೇನೂ ಇಲ್ಲವೆಂಬ ಬೇಬಾಕಿ ಪತ್ರ ಕೊಡಬೇಕು. ಅದಿಲ್ಲದೆ ಪಿಂಚಣಿಯಿಲ್ಲ, ಬಿಡುಗಡೆಯಿಲ್ಲ. ಹಾಗಾಗಿ ಶಹಾತಾ ಅವರ ಬೀರುಗಳಲ್ಲಿ ನಾನೂರ ಹದಿನಾರು ಸಾಮಾನುಗಳು ಹೆಣದ ಹಾಗೆ ನಿಶ್ಚಿಂತೆಯಾಗಿ ಮಲಗಿದ್ದವು. ಮೈಮೇಲೆ ಕೆಂಪು ಬಣ್ಣದಲ್ಲಿ ನಂಬರು, ನಂಬರಿನ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿನ ಮೇಲೆ ಧೂಳು.

ಮನೆಯಲ್ಲೂ ಅವರು ಬೇರೆ ಮನುಷ್ಯರೇನಲ್ಲ. ಟಿವಿಯ ರಿಮೋಟು ಕೊಂಡಂದಿನ ಕವರಿನಲ್ಲೇ ಇತ್ತು. ದಿವಾನಖಾನೆಯ ಸೋಫಾ ಮೇಲಿನ ಪ್ಲಾಸ್ಟಿಕ್ಕನ್ನು ಇನ್ನೂ ಬಿಚ್ಚಿರಲಿಲ್ಲ. "ನಮ್ಮ ಮದುವೆಯ ಸೋಫಾ ಹೊಸದಾಗೇ ಇದೆ ನೋಡಿ," ಎಂದು ಹೆಂಡತಿ ನಯೀಮಾ ಬಂದವರಿಗೆ ಹೇಳುತ್ತಿದ್ದಳು. "ಹಳಬರಾಗಿದ್ದು ನಾವಿಬ್ರೇ."

ನಿವೃತ್ತಿಗೆ ಐದು ತಿಂಗಳಿದ್ದಾಗ ಶಾಲೆಗೆ ಒಂದು ದಾನ ಬಂತು. ಇಸ್ಕಂದರಿಯಾದ ಯಾವುದೋ ಸಂಘದವರು ಕಳಿಸಿದ್ದ ಪುಟ್ಟ ರಟ್ಟಿನ ಡಬ್ಬಿ. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಉಗ್ರಾಣಕ್ಕೆ ಬಂದವರು ವಿಜ್ಞಾನದ ಟೀಚರ್ ಇನ್ಸಾಫ್, ಶಾಲೆಯಲ್ಲಿ ಎಲ್ಲರ ಬಾಯಲ್ಲೂ 'ಅಬ್ಲಾ', ಅಂದರೆ ಟೀಚರಮ್ಮ. ತೆಳ್ಳನೆಯ, ಬೇಗ ಬೇಗ ಮಾತಾಡುವ ಹೆಂಗಸು. ಶಾಲೆಯಲ್ಲಿ ಶಹಾತಾ ಹೆದರುತ್ತಿದ್ದದ್ದು ಅವರೊಬ್ಬರಿಗೇ, ಏಕೆಂದರೆ ಅವರು ಸಾಮಾನು ಕೇಳುತ್ತಿದ್ದರು.

"ಇದು ಕಂಪ್ಯೂಟರ್, ಉಸ್ತಾದ್," ಎಂದರು ಇನ್ಸಾಫ್.

ಡಬ್ಬಿಯೊಳಗೆ ಅಂಗೈಗಿಂತ ಚಿಕ್ಕದಾದ ಒಂದು ಹಸಿರು ಹಲಗೆ, ಅದರ ಸುತ್ತ ಪಾರದರ್ಶಕ ಪ್ಲಾಸ್ಟಿಕ್ಕಿನ ಕವಚ. ಶಹಾತಾ ಕನ್ನಡಕ ಏರಿಸಿ ನೋಡಿದರು.

"ಪರದೆ ಎಲ್ಲಿ? ಕೀಲಿಮಣೆ ಎಲ್ಲಿ?"

"ಅದೆಲ್ಲಾ ಬೇರೆ ಸಿಕ್ಕತ್ತೆ. ಇದು ಬರೀ ಮೆದುಳು."

"ಹಾಗಾದ್ರೆ ಇನ್ನೂ ಹುಷಾರಾಗಿರ್ಬೇಕು." ಅವರು ಕವಚವನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಗಂಟಾಯಿತು. "ಈ ಕವಚ ಯಾಕೆ ಹಾಕಿದಾರೆ?"

"ಕಾಪಾಡೋಕೆ."

"ಕಾಪಾಡೋಕಾದ್ರೆ ಸುತ್ತ ಇಷ್ಟೊಂದು ತೂತು ಯಾಕೆ?"

"ತಂತಿ ಚುಚ್ಚೋಕೆ. ಗಾಳಿಯಾಡೋಕೆ. ಅದು ಬಿಸಿಯಾಗತ್ತಲ್ಲ."

"ಯಾವಾಗ ಬಿಸಿಯಾಗತ್ತೆ?"

"ಬಳಸಿದಾಗ."

"ನೋಡಿ ಮತ್ತೆ," ಎಂದರು ಶಹಾತಾ, ತಡೆದಿದ್ದ ಲೆಕ್ಕ ಬಗೆಹರಿದವರಂತೆ.

ಇನ್ಸಾಫ್ ಅಂದು ಬಹಳ ಹೊತ್ತು ಮಾತಾಡಿದರು. ಸಮುದ್ರದ ಕಡೆಯ ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಈ ಹಲಗೆ ಅಳೆಯಬಲ್ಲದು, ತೇವ ಹೆಚ್ಚಿದ್ದ ದಿನ ಮರಕ್ಕೆ ಬಳಿದ ವಾರ್ನಿಷ್ಷು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿ ಹಾಳಾಗುತ್ತದೆ, ಊರಿನ ಅರ್ಧ ಜನ ಬಡಗಿಗಳು, ತಮ್ಮ ಹುಡುಗಿಯರು ಬೆಳಿಗ್ಗೆ ಬೆಳಿಗ್ಗೆ ಅವರ ಫೋನಿಗೆ ಸುದ್ದಿ ಕಳಿಸಬಹುದು. ಶಹಾತಾ ತಲೆಯಾಡಿಸುತ್ತಾ ಕೇಳಿದರು. ಕೇಳಿ ಮುಗಿದ ಮೇಲೆ ಕೆಂಪು ಬಣ್ಣದ ಡಬ್ಬಿ ತೆಗೆದು, ಕುಂಚ ಅದ್ದಿ, ಹಲಗೆಯ ನಟ್ಟನಡುವಿನ ಕಪ್ಪು ಚಿಪ್ಪಿನ ಮೇಲೆ 417 ಎಂದು ಬರೆದರು. ಕವಚದ ಮೇಲೆ ಬರೆದರೆ ಯಾರಾದರೂ ಕವಚ ಬದಲಾಯಿಸಬಹುದಲ್ಲ. ಇನ್ಸಾಫ್ ಕಣ್ಣು ಮುಚ್ಚಿಕೊಂಡರು.

"ಯಾವಾಗ ಕೊಡ್ತೀರಿ, ಉಸ್ತಾದ್?"

"ನಾಳೆ," ಎಂದರು ಶಹಾತಾ. ಆ ಮಾತನ್ನು ಅವರು ಮೂವತ್ತೊಂದು ವರ್ಷದಿಂದ ಹೇಳುತ್ತಾ ಬಂದಿದ್ದರು. ಅದು ಸವೆದಿರಲಿಲ್ಲ.

ಆದರೂ ಅವರ ನಿದ್ದೆ ಹಾಳಾಯಿತು. ಅಷ್ಟು ಸಣ್ಣ ಸಾಮಾನು, ಅಷ್ಟೊಂದು ತೂತು. ಇರುವೆ ನುಗ್ಗಬಹುದು, ಧೂಳು ನುಗ್ಗಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಇನ್ಸಾಫರ ಬೆರಳು ನುಗ್ಗಬಹುದು. ಮೊದಲು ತೂತುಗಳಿಗೆಲ್ಲ ಟೇಪು ಅಂಟಿಸಿದರು. ಸಮಾಧಾನವಾಗಲಿಲ್ಲ. ಕೊನೆಗೆ ನಯೀಮಾಳ ತಮ್ಮ, ಬಡಗಿ ಮೇಸ್ತ್ರಿ ಬದ್ರಾವಿಯ ಕಾರ್ಖಾನೆಗೆ ಹೋದರು.

ಬದ್ರಾವಿ ಫ್ರೆಂಚ್ ರಾಜರ ಕಾಲದ ಮಾದರಿಯ ಕುರ್ಚಿ ಮಾಡುವವನು. ಆ ರಾಜರು ಸತ್ತು ಅವರ ದೇಶವೇ ಮರೆತಿದ್ದ ಬಳ್ಳಿ, ಗುಲಾಬಿ, ಸಿಂಹದ ಪಾದಗಳನ್ನೆಲ್ಲ ದುಮ್ಯಾತಿನ ಓಣಿಗಳು ಇನ್ನೂ ನಿಷ್ಠೆಯಿಂದ ಕೆತ್ತುತ್ತಿದ್ದವು.

"ಒಂದು ಪೆಟ್ಟಿಗೆ ಬೇಕು. ಭದ್ರವಾಗಿರ್ಬೇಕು," ಎಂದರು ಶಹಾತಾ.

"ಯಾರಿಗೆ ಭಾವ?"

"ಕಂಪ್ಯೂಟರಿಗೆ."

ಬದ್ರಾವಿ ಉಳಿ ಕೆಳಗಿಟ್ಟ. "ತೂತು ಎಲ್ಲೆಲ್ಲಿ ಬೇಕು?"

"ತೂತೇ ಬೇಡ."

"ತೂತಿಲ್ದೆ ಅದು ಕೆಲ್ಸ ಹೇಗೆ ಮಾಡತ್ತೆ?"

"ಅದ್ಯಾಕೆ ಕೆಲ್ಸ ಮಾಡ್ಬೇಕು? ಅದು ಸರ್ಕಾರದ್ದು."

ಬದ್ರಾವಿ ಭಾವನ ಮುಖವನ್ನೇ ನೋಡಿದ. ನಗು ಬಂದಿದ್ದರೂ ತೋರಿಸಲಿಲ್ಲ, ಅಕ್ಕ ಬಾಳಬೇಕಲ್ಲ. ಎರಡು ವಾರದಲ್ಲಿ ಪೆಟ್ಟಿಗೆ ಬಂತು. ನಾಲ್ಕು ಸಿಂಹದ ಪಾದ, ಬಾಗಿಲ ಮೇಲೆ ಮೂರು ಗುಲಾಬಿ, ಮೈತುಂಬ ಚಿನ್ನದ ರೇಕು, ಒಳಗೆ ದಾಳಿಂಬೆ ಬಣ್ಣದ ಮಖಮಲ್ಲು. ಹಲಗೆ ಅದರೊಳಗೆ ಮಲಗಿದಾಗ ಸತ್ತ ರಾಜಕುಮಾರನ ಹಾಗೆ ಕಾಣಿಸಿತು. ಹೆಡ್‌ಮಿಸ್ಟ್ರೆಸ್ ಬಂದು, ಬಾಗಿಲ ಚಿಲಕದ ಮೇಲೆ ಅರಗು ಸುರಿದು ಶಾಲೆಯ ಮೊಹರು ಒತ್ತಿದರು. ಅವರೂ ಪೆಟ್ಟಿಗೆಯನ್ನು ಮೆಚ್ಚಿಕೊಂಡು, ಮಗಳ ಮದುವೆಗೆ ಇಂಥದೇ ಒಂದು ಸಿಕ್ಕೀತೇ ಎಂದು ಕೇಳಿದರು.

ಒಂದು ವಿಷಯ ಮಾತ್ರ ಶಹಾತಾ ಗಮನಿಸಲಿಲ್ಲ. ಅವರ ತಂದೆ ಮನ್ಸೂರಾದಿಂದ ವರ್ಗವಾಗಿ ಬಂದ ಅಂಚೆ ಗುಮಾಸ್ತ, ಮನೆಯಲ್ಲಿ ಯಾರೂ ಉಳಿ ಹಿಡಿದವರಲ್ಲ. ಊರಿನ ಬಡಗಿಗಳ ದಸ್ತೂರು ಊರಿಗೆಲ್ಲ ಗೊತ್ತಿದ್ದರೂ ಅವರಿಗೆ ಗೊತ್ತಿರಲಿಲ್ಲ. ಎಂಥ ಚಿನ್ನದ ಸೋಫಾ ಆದರೂ, ಎಂಥ ಅರಮನೆಯ ಬೀರು ಆದರೂ ಗುಲಾಬಿಯೆಲ್ಲ ಮುಂದೆ. ಹಿಂದೆ ತೆಳ್ಳನೆಯ ಪ್ಲೈವುಡ್ಡು, ಮೂಲೆಗೊಂದು ಸಣ್ಣ ಮೊಳೆ. ಸಾಮಾನಿನ ಬೆನ್ನು ನೋಡುವುದು ಗೋಡೆ ಮಾತ್ರ. ಗೋಡೆ ಯಾರ ಹತ್ತಿರವೂ ದೂರು ಹೇಳುವುದಿಲ್ಲ.

ಪೆಟ್ಟಿಗೆಗೆ ಮೊಹರು ಬಿದ್ದ ಮೇಲೆ ಇನ್ಸಾಫ್ ಸಾಮಾನು ಕೇಳುವುದನ್ನು ನಿಲ್ಲಿಸಿಬಿಟ್ಟರು. ಎದುರಿಗೆ ಸಿಕ್ಕರೆ ಆರೋಗ್ಯ ವಿಚಾರಿಸುತ್ತಿದ್ದರು. ಒಂದು ದಿನ ಮಿಶಬ್ಬಕ್ ಮಿಠಾಯಿಯ ಪೊಟ್ಟಣವನ್ನೂ ಕೊಟ್ಟರು. ಹೆಂಗಸಿಗೆ ಕೊನೆಗೂ ಬುದ್ಧಿ ಬಂತು ಎಂದುಕೊಂಡು ಶಹಾತಾ ಮಿಠಾಯಿ ತಿಂದರು.

ಸಮಿತಿ ಬರುವುದಕ್ಕೆ ಮೂರು ದಿನ ಉಳಿದಿತ್ತು. ಶಹಾತಾ ಬದ್ರಾವಿಯ ಕಾರ್ಖಾನೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಮಧ್ಯಾಹ್ನವಾದರೂ ಕುರ್ಚಿಗಳು ಬಣ್ಣವಿಲ್ಲದೆ ಬೋಳಾಗಿ ನಿಂತಿದ್ದವು, ಆಳುಗಳು ಇಸ್ಪೀಟಾಡುತ್ತಿದ್ದರು.

"ಇವತ್ತು ಕೆಲ್ಸ ಇಲ್ವಾ?"

"ವಾರ್ನಿಷ್ ಬೇಡ ಅಂತ ಸುದ್ದಿ ಬಂದಿದೆ," ಎಂದ ಬದ್ರಾವಿ.

"ಯಾರು ಹೇಳಿದ್ರು?"

"ನಿಮ್ಮ ಶಾಲೆಯವ್ರೇ." ಬದ್ರಾವಿ ಫೋನು ತೋರಿಸಿದ. *ತೇವ ಎಂಬತ್ತೆಂಟು. ಇಂದು ಬಳಿಯಬೇಡಿ. ಅಲ್ಲಾಹನು ನಿಮ್ಮ ಕೈಗಳನ್ನು ಕಾಯಲಿ.* "ಎರಡು ತಿಂಗಳಿಂದ ಬರ್ತಿದೆ. ಒಂದು ದಿನಾನೂ ತಪ್ಪಿಲ್ಲ. ಓಣಿಯಲ್ಲಿ ಎಲ್ರೂ ಇದನ್ನ ನೋಡ್ಕೊಂಡೇ ಡಬ್ಬ ತೆರೆಯೋದು. ಯಾಕೆ ಭಾವ, ನಿಮಗೆ ಗೊತ್ತಿಲ್ವಾ? ನಿಮ್ಮ ಪೆಟ್ಟಿಗೆ ಒಳಗಿಂದಾನೇ ಮಾತಾಡ್ತಿದೆ ಅಂದ್ಕೊಂಡಿದ್ದೆ. ಪರ್ವಾಗಿಲ್ಲ, ನನ್ನ ಮರ ಒಳ್ಳೇದು ಅಂತ ಖುಷಿಪಟ್ಟಿದ್ದೆ."

ಶಹಾತಾ ಚಹಾದ ಲೋಟವನ್ನು ಅರ್ಧಕ್ಕೇ ಇಟ್ಟು ಎದ್ದರು.

ಉಗ್ರಾಣದ ಬೀರು ತೆರೆದರೆ ಪೆಟ್ಟಿಗೆ ಇದ್ದಲ್ಲೇ ಇತ್ತು. ಮೊಹರು ಬಿರುಕು ಬಿಟ್ಟಿರಲಿಲ್ಲ. ಅಲುಗಿಸಿದರೆ ಒಳಗೆ ಟಕ್ ಎಂದಿತು. ಒಂದು ಕ್ಷಣ ಎದೆ ತಣ್ಣಗಾಯಿತು. ಆಮೇಲೆ, ಜೀವನದಲ್ಲಿ ಮೊದಲ ಸಲ, ಒಂದು ಸಾಮಾನಿನ ಬೆನ್ನು ತಿರುಗಿಸಿ ನೋಡಿದರು. ನಾಲ್ಕು ಮೊಳೆ. ಮೂರು ಮಂಕಾಗಿದ್ದವು, ಒಂದು ಹೊಸದಾಗಿ ಮಿನುಗುತ್ತಿತ್ತು. ಬೀಗದ ಕೈಯಿಂದ ಮೀಟಿದರೆ ಪ್ಲೈವುಡ್ಡು ಬಿಸ್ಕತ್ತಿನಂತೆ ಎದ್ದು ಬಂತು. ದಾಳಿಂಬೆ ಮಖಮಲ್ಲಿನ ಮೇಲೆ ಅರ್ಧ ಸವೆದ ಒಂದು ಬಟ್ಟೆ ಸೋಪು ಗಂಭೀರವಾಗಿ ಮಲಗಿತ್ತು.

ಗಾಳಿ ಅಳೆಯುವ ಸಾಮಾನು ಮೇಲೆಯೇ ಇರಬೇಕೆಂದು ಶಹಾತಾ ಮಹಡಿಯ ಮೆಟ್ಟಿಲು ಹತ್ತಿದರು. ಮೇಲೆ ನೀರಿನ ತೊಟ್ಟಿಯ ನೆರಳಲ್ಲಿ ಇನ್ಸಾಫ್ ಇದ್ದರು, ಪಕ್ಕದಲ್ಲಿ ಊರಿನ ಇನ್ನೊಬ್ಬ ಕುರ್ಚಿ ಕೆತ್ತುವವನ ಮಗಳು, ಹತ್ತನೆಯ ತರಗತಿಯ ಶುರೂಕ್. ಇಬ್ಬರ ನಡುವೆ ಇಟ್ಟಿಗೆಯ ಮೇಲೆ ಬಿಳಿ ಚೀಸಿನ ಖಾಲಿ ಪ್ಲಾಸ್ಟಿಕ್ ಡಬ್ಬ. ಕಾಯಿಸಿದ ಮೊಳೆಯಿಂದ ಡಬ್ಬದ ಸುತ್ತಲೂ ತೂತು ಸುಟ್ಟಿದ್ದರು. ಮಳೆ ಬೀಳದಂತೆ ಮುಚ್ಚಳ ಓರೆಯಾಗಿತ್ತು. ಒಂದು ತೂತಿನಿಂದ ತಂತಿ ಇಳಿದು ಪ್ರಯೋಗಶಾಲೆಯ ಕಿಟಕಿಗೆ ಹೋಗಿತ್ತು. ಒಳಗೆ 417, ಹಸಿರು ದೀಪ ಮಿಟುಕಿಸುತ್ತಾ ಕೂತಿತ್ತು.

"ಯಾರು ತೆಗೆದದ್ದು?"

"ನಾನು, ಉಸ್ತಾದ್," ಎಂದಳು ಶುರೂಕ್. "ಮೊಹರಿದೆಯಲ್ಲ ಅಂತ ನೀವು ಬೀರಿಗೆ ಬೀಗ ಹಾಕಿರ್ಲಿಲ್ಲ. ಆದ್ರೆ ಮೊಹರು ಮುಟ್ಟಿಲ್ಲ."

"ಮೊಹರು ಮುಟ್ಟದೆ ಹೇಗೆ ತೆಗೆದೆ?"

"ಹಿಂದಿಂದ." ಇದೂ ಒಂದು ಪ್ರಶ್ನೆಯೇ ಎನ್ನುವಂತೆ ಅವಳು ಅಬ್ಲಾರ ಮುಖ ನೋಡಿದಳು. "ಎಲ್ಲಾದಕ್ಕೂ ಹಿಂದೆ ಪ್ಲೈವುಡ್ಡೇ ಅಲ್ವಾ?"

"ಬೈಯೋದಾದ್ರೆ ನನಗೆ ಬೈರಿ," ಎಂದರು ಇನ್ಸಾಫ್. "ಆದ್ರೆ ಒಂದ್ಸಲ ಮುಟ್ಟಿ ನೋಡಿ, ಆಮೇಲೆ ಬೈರಿ."

ಶಹಾತಾ ಬಗ್ಗಿ ಬೆರಳು ಇಟ್ಟರು. ಅವರ ಸುಪರ್ದಿಯ ನಾನೂರ ಹದಿನೇಳು ಸಾಮಾನುಗಳಲ್ಲಿ ಬೆಚ್ಚಗಿದ್ದದ್ದು ಅದೊಂದೇ. ಅವರು ಬೆರಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇಟ್ಟರು. ಆಮೇಲೆ ಯಾರೋ ನೋಡಿಬಿಟ್ಟರೆಂಬಂತೆ ತೆಗೆದುಕೊಂಡರು.

"ಬುಧವಾರ ಸಮಿತಿ ಬರತ್ತೆ," ಎಂದರು. "ನನ್ನ ಬೇಬಾಕಿ ಇದರ ಮೇಲೆ ನಿಂತಿದೆ, ಅಬ್ಲಾ. ಸೋಪಿಗೆ ಪಿಂಚಣಿ ಕೊಡಲ್ಲ."

"ಮಂಗಳವಾರ ಸಂಜೆ ಒಳಗೆ ಇಡ್ತೀವಿ. ನನ್ನ ಕಣ್ಣಾಣೆ."

"ಸೋಪು?"

"ಅದು ನಮ್ಮನೇದು," ಎಂದಳು ಶುರೂಕ್. "ಅಮ್ಮ ಹುಡುಕ್ತಿದಾರೆ."

ಸಮಿತಿ ಮಂಗಳವಾರ ಬೆಳಿಗ್ಗೆಯೇ ಬಂತು. ಬುಧವಾರ ಜೀಪು ಸಿಗುವುದಿಲ್ಲ ಎನ್ನುವುದು ಕಾರಣ. ಮೂವರು ಬಂದಿದ್ದರು, ಅವರ ಮುಖ್ಯಸ್ಥ ರಿಫಾತ್ ಸಾಹೇಬರು ದಪ್ಪ ಮೀಸೆಯ, ದೊಡ್ಡ ಸಹಿಯ ಮನುಷ್ಯ. ಅವರು ಸಾಮಾನು ನೋಡುತ್ತಿರಲಿಲ್ಲ, ನಂಬರು ನೋಡುತ್ತಿದ್ದರು. ಒಬ್ಬ ಓದಿದರೆ ಇನ್ನೊಬ್ಬ ಗೀಟು ಹಾಕುತ್ತಿದ್ದ. ಮುನ್ನೂರ ತೊಂಬತ್ತು, ಇದೆ. ನಾನೂರು, ಇದೆ. ಶಹಾತಾ ಗೋಡೆಗೆ ಒರಗಿ ನಿಂತಿದ್ದರು. ಬಾಯಿಯಲ್ಲಿ ಆಗಲೇ ಸೋಪಿನ ರುಚಿ.

ಪೆಟ್ಟಿಗೆಯ ಮುಂದೆ ರಿಫಾತ್ ಸಾಹೇಬರು ನಿಂತರು. "ಮಾಶಾಅಲ್ಲಾಹ್," ಎಂದು ಗುಲಾಬಿ ಸವರಿದರು. "ಸುಪರ್ದಿ ಅಂದ್ರೆ ಇದು. ನೋಡಿ ಕಲೀರಿ."

"ಮೊಹರು ಒಡೆದು ನೋಡೋಣ್ವಾ ಸಾಹೇಬ್ರೆ?" ಎಂದು ಕಿರಿಯವನು ಕೇಳಿದ.

"ಒಡೆದ್ರೆ ಮತ್ತೆ ಹಾಕೋಕೆ ಇನ್ನೊಂದು ಸಮಿತಿ ಆಗ್ಬೇಕು. ನಿನಗೆ ಮತ್ತೆ ಬರೋ ಆಸೆ ಇದ್ಯಾ?"

ಕಿರಿಯವನಿಗೆ ಆಸೆಯಿರಲಿಲ್ಲ. *ನಾನೂರ ಹದಿನೇಳು, ಮೊಹರಿನೊಳಗೆ, ಸುಸ್ಥಿತಿ,* ಎಂದು ಬರೆದು ಮೂವರೂ ಸಹಿ ಹಾಕಿದರು. ಶಹಾತಾ ಅವರ ಬೆನ್ನು ಗೋಡೆಯಿಂದ ಒಂದು ಬೆರಳಿನಷ್ಟು ಈಚೆ ಬಂತು.

ಆಗ ರಿಫಾತ್ ಸಾಹೇಬರು ಪೆನ್ನು ಜೇಬಿಗಿಟ್ಟುಕೊಂಡು, "ಅಂದಹಾಗೆ," ಎಂದರು, "ನನ್ನ ತಮ್ಮನ ಕಾರ್ಖಾನೆಗೆ ದಿನಾ ಬೆಳಿಗ್ಗೆ ಒಂದು ಸುದ್ದಿ ಬರತ್ತೆ. ನಿಮ್ಮ ಶಾಲೆಯಿಂದಂತೆ. ಅದ್ಯಾವ ಯಂತ್ರ, ಒಂದ್ಸಲ ತೋರಿಸಿ."

ಹೆಡ್‌ಮಿಸ್ಟ್ರೆಸ್ ಹೆಮ್ಮೆಯಿಂದ ದಾರಿ ತೋರಿಸಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಮಹಡಿಯ ಮೇಲೆ ಇನ್ಸಾಫ್ ಮತ್ತು ಶುರೂಕ್ ತಂತಿ ಬಿಚ್ಚಲು ಕೂತಿದ್ದವರು ಹಾಗೇ ಎದ್ದು ನಿಂತರು. ರಿಫಾತ್ ಸಾಹೇಬರು ಮುಚ್ಚಳ ಎತ್ತಿ, ಕನ್ನಡಕ ಸರಿಮಾಡಿಕೊಂಡು, ಕೆಂಪು ನಂಬರನ್ನು ಓದಿದರು. ಇನ್ನೊಮ್ಮೆ ಓದಿದರು. ಪಕ್ಕದ ಮಹಡಿಯಲ್ಲಿ ಪಾರಿವಾಳ ಗುಟುರು ಹಾಕುವುದು ಕೇಳಿಸಿತು.

"ನಾನೂರ ಹದಿನೇಳು ಕೆಳಗಿದೆ," ಎಂದರು.

"ಹೌದು ಸಾಹೇಬ್ರೆ," ಎಂದರು ಶಹಾತಾ.

"ಮೊಹರಿನೊಳಗಿದೆ. ಈಗತಾನೇ ನಾನು ಸಹಿ ಹಾಕಿದೀನಿ."

"ಹಾಕಿದೀರಿ."

"ನನ್ನ ಸಹಿ ಸುಳ್ಳಾ?"

ಸತ್ಯ ಹೇಳುವುದಾದರೆ ಇದೇ ಹೊತ್ತು. ಹೇಳಿದರೆ ಮತ್ತೆ ಮೂರು ವರ್ಷ. ಈ ಸಲ ನೌಕರಿಯಿಲ್ಲದ, ಸಂಬಳವಿಲ್ಲದ ಮೂರು ವರ್ಷ. ಶಹಾತಾ ಇನ್ಸಾಫರ ಕಡೆ ನೋಡಿದರು. ಇನ್ಸಾಫ್ ಡಬ್ಬದ ಕಡೆ ನೋಡುತ್ತಿದ್ದರು.

"ನಿಮ್ಮ ಸಹಿ ಹೇಗೆ ಸುಳ್ಳಾಗತ್ತೆ, ಸಾಹೇಬ್ರೆ," ಎಂದರು ಶಹಾತಾ.

"ಅಂದ್ಮೇಲೆ ಇದು ನಾನೂರ ಹದಿನೇಳಲ್ಲ." ರಿಫಾತ್ ಸಾಹೇಬರ ಮುಖ ತಿಳಿಯಾಯಿತು, ಆಮೇಲೆ ಮತ್ತೆ ಮೋಡ ಕವಿಯಿತು. "ಹಾಗಾದ್ರೆ ಇದು ಹೆಚ್ಚುವರಿ. ಅದು ಇನ್ನೂ ಕೆಟ್ಟದ್ದು. ಕಮ್ಮಿ ಬಂದ್ರೆ ಯಾರು ಕದ್ರು ಅಂತ ಕೇಳಿದ್ರೆ ಮುಗೀತು. ಹೆಚ್ಚು ಬಂದ್ರೆ ಎಲ್ಲಿಂದ ಬಂತು, ಯಾರು ಕೊಟ್ರು, ಯಾಕೆ ಕೊಟ್ರು... ಅದಕ್ಕೆ ಕೊನೇನೇ ಇಲ್ಲ."

ಎಲ್ಲರೂ ಅದರ ಕೊನೆಯಿಲ್ಲದಿರುವಿಕೆಯನ್ನು ಯೋಚಿಸುತ್ತಾ ನಿಂತರು.

"ಒಂದೇ ದಾರಿ," ಎಂದರು ಕೊನೆಗೆ ರಿಫಾತ್ ಸಾಹೇಬರು. "ಇದನ್ನ ಹೊಸ ನಂಬರಿಗೆ ಏರಿಸೋಣ. ಯಾರಾದ್ರೂ ಇವತ್ತೇ ಇಡೀ ಉಗ್ರಾಣದ ಸುಪರ್ದಿ ತಗೊಂಡು ಸಹಿ ಹಾಕಿದ್ರೆ ಇಲ್ಲಿಗೇ ಮುಗೀತು. ಇಲ್ಲಾಂದ್ರೆ ಉಸ್ತಾದ್ ಶಹಾತಾ ಅವರ ಬೇಬಾಕಿ ನಿಲ್ಲತ್ತೆ, ಈ ಯಂತ್ರಾನೂ ನಮ್ಮ ಜೀಪಲ್ಲಿ ಬರತ್ತೆ."

ಜೀಪು ಎಂಬ ಮಾತು ಕೇಳಿ ಶುರೂಕ್ ಡಬ್ಬದ ಮುಂದೆ ಬಂದು ನಿಂತಳು.

"ನಾನು ಹಾಕ್ತೀನಿ," ಎಂದರು ಇನ್ಸಾಫ್.

ಉಗ್ರಾಣದಲ್ಲಿ ಕಾಗದಗಳು ಬೇಗ ಬೇಗ ತಯಾರಾದವು. ಕೆಂಪು ಬಣ್ಣದಲ್ಲಿ 417ರ ಮೇಲೆ ಗೀಟು ಎಳೆದು ಪಕ್ಕದಲ್ಲಿ 418 ಎಂದು ಬರೆದರು. ಆ ಚಿಪ್ಪಿನ ಮೇಲೆ ಇನ್ನೊಂದು ನಂಬರಿಗೆ ಮಾತ್ರ ಜಾಗ ಉಳಿಯಿತು. ಶಹಾತಾ ಬೇಬಾಕಿ ಪತ್ರವನ್ನು ಎರಡು ಸಲ ಓದಿ, ಜೇಬಿನಲ್ಲಿ ಮೊದಲೇ ತಂದಿಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರಿಗೆ ಹಾಕಿದರು. ಬೀಗದ ಕೈ ಗೊಂಚಲನ್ನು ಇನ್ಸಾಫರ ಕೈಗಿತ್ತರು. ಸಮಿತಿ ಜೀಪು ಹತ್ತಿತು.

ಇನ್ಸಾಫ್ ಆಗ ತಾವು ಸಹಿ ಹಾಕಿದ್ದನ್ನು ಓದಲು ಕೂತರು. ನಿಧಾನವಾಗಿ ಓದಿದರು. ಅವರ ಬೆರಳು 417ರ ಸಾಲಿನ ಮೇಲೆ ನಿಂತಿತು.

"ಉಸ್ತಾದ್, ನಾನು ಒಂದು ಸೋಪನ್ನ ಕಂಪ್ಯೂಟರ್ ಅಂತ ತಗೊಂಡಿದೀನಿ."

"ಮೊಹರು ಒಡೆಯೋವರೆಗೂ ಅದು ಕಂಪ್ಯೂಟರೇ."

"ಯಾರಾದ್ರೂ ಒಡೆದ್ರೆ?"

"ಬೀಗ ಹಾಕಿಡಿ."

"ಮತ್ತೆ ಇನ್ನೊಂದು? ಅದಕ್ಕೇನಾದ್ರೂ ಆದ್ರೆ ನನ್ನ ಹತ್ರ ತೋರಿಸೋಕೆ ಒಂದೂ ಇರಲ್ಲ." ಅವರು ಕಿಟಕಿಯಾಚೆ ನೋಡಿದರು. ಸಮುದ್ರದ ಕಡೆಯಿಂದ ಗಾಳಿ ಬೀಸುತ್ತಿತ್ತು, ಉಪ್ಪಿನ ಗಾಳಿ. "ಮೇಲೆ ಪಾರಿವಾಳ ಬೇರೆ ಇವೆ," ಎಂದರು, ಹೊಸದಾಗಿ ಕಂಡವರಂತೆ. ನಿನ್ನೆವರೆಗೂ ಅದೇ ಪಾರಿವಾಳಗಳಿಗೆ ಅವರು ರೊಟ್ಟಿಯ ಚೂರು ಹಾಕುತ್ತಿದ್ದರು.

ಮೇಜಿನ ಮೇಲೆ ಚೀಸಿನ ಡಬ್ಬವಿತ್ತು. ಇನ್ಸಾಫ್ ಅದರ ಮುಚ್ಚಳವನ್ನು ಬಿಗಿಯಾಗಿ ಒತ್ತಿದರು. ಬೆರಳಿನಿಂದ ಒಂದು ತೂತನ್ನು ಮುಚ್ಚಿ ನೋಡಿದರು. ಆಮೇಲೆ ಡಬ್ಬವನ್ನು ಚಿನ್ನದ ಪೆಟ್ಟಿಗೆಯ ಪಕ್ಕ ಬೀರಿನಲ್ಲಿಟ್ಟು ಬಾಗಿಲು ಮುಚ್ಚಿ ಬೀಗ ತಿರುಗಿಸಿದರು.

"ಅಬ್ಲಾ, ಸಂಜೆಯ ತೇವ ನೋಡ್ಬೇಕಲ್ಲ," ಎಂದಳು ಶುರೂಕ್. "ಬೆಳಿಗ್ಗೆ ಅವರೆಲ್ಲಾ ಕಾಯ್ತಿರ್ತಾರೆ. ಯಾವಾಗ ಮೇಲಿಡೋಣ?"

"ನಾಳೆ," ಎಂದರು ಇನ್ಸಾಫ್.

ಬಾಗಿಲ ಬಳಿ ಶೂ ಕಟ್ಟಿಕೊಳ್ಳುತ್ತಿದ್ದ ಶಹಾತಾ ಅವರ ಕೈ ನಿಂತಿತು. ಆ ಮಾತು ಹೊರಗಿನಿಂದ ಹೇಗೆ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಾದದ್ದು ಅಂದೇ. ಸೋಫಾದ ಮೇಲಿನ ಪ್ಲಾಸ್ಟಿಕ್ಕು ಬೆವರಿದ ತೊಡೆಗೆ ಅಂಟಿ ಬಿಡುವಾಗಿನ ಸದ್ದಿನ ಹಾಗಿತ್ತು.

ಶುರೂಕ್ ವಾದ ಮಾಡಲಿಲ್ಲ. ಬೀರಿನ ಹತ್ತಿರ ಹೋಗಿ ಬಾಗಿಲ ಕೆತ್ತನೆಯ ಮೇಲೆ ಕೈಯಾಡಿಸಿದಳು, ಮನೆಗೆ ಬಂದ ಮರವನ್ನು ಅಪ್ಪ ನೋಡುವ ಹಾಗೆ. ಗೋಡೆಗೂ ಬೀರಿಗೂ ನಡುವಿನ ಸಂದಿಗೆ ಕೆನ್ನೆ ಆನಿಸಿ ಒಳಗೆ ಇಣುಕಿದಳು.

"ಉಸ್ತಾದ್, ಈ ಬೀರು ಎಲ್ಲಿ ಮಾಡಿಸಿದ್ದು?"

ಶಹಾತಾ ಜೇಬು ಮುಟ್ಟಿ ನೋಡಿಕೊಂಡರು. ಬೇಬಾಕಿ ಪತ್ರ ಅಲ್ಲೇ ಇತ್ತು, ಬೆಚ್ಚಗೆ. ಈ ಉಗ್ರಾಣದಲ್ಲಿ ಈಗ ಯಾವುದೂ ಅವರ ಹೆಸರಿನಲ್ಲಿರಲಿಲ್ಲ.

"ಇಲ್ಲೇ ಮಗಳೇ, ದುಮ್ಯಾತಲ್ಲೇ," ಎಂದರು. ಇನ್ಸಾಫರ ಕಡೆ ನೋಡದೆ, ಶೂವಿನ ಲಾಡಿ ಬಿಗಿದು ಎದ್ದರು. "ಹೊಸ ಮೊಳೆ ಹಾಕ್ಬೇಡ. ಹಳೇದನ್ನೇ ಹಾಕು. ಆ ಸಲ ನಾನು ಕಂಡುಹಿಡಿದಿದ್ದೇ ಹೊಸ ಮೊಳೆಯಿಂದ."